ಕೆಮ್ಮು, ಒಂದು, ತೆಗೆದಿದೆ

ದನಿಮನೆ, ಬೆಟಗೇರಿ
ಗಾಳಿ ತಿಂಗಳು, ಮೂವತ್ತೇಳನೆಯ ದಿನ

ಶಾಲ್ಮಲಾ ನೀಲಗಾರ ಅವರಿಗೆ ದಾನವ್ವ ಅಬ್ಬಿಗೇರಿಯ ನಮಸ್ಕಾರಗಳು.

ತಿಂಗಳಿಗೆ ಮೂವತ್ತೇಳನೆಯ ದಿನ ಎಲ್ಲಿಂದ ಬಂತು ಎಂದು ಕೇಳಬೇಡಿ. ನಮ್ಮಲ್ಲಿ ಗಾಳಿ ನಿಲ್ಲುವವರೆಗೂ ಈ ತಿಂಗಳು ಮುಗಿಯುವುದಿಲ್ಲ. ನಿಮ್ಮ ಎಣಿಕೆಯಲ್ಲಿ ನಾನು ನೂರ ಮೂವತ್ತು ವರ್ಷ ಆಚೆಗಿದ್ದೇನೆ. ನನ್ನ ಕೆಲವು ಮಾತು ನಿಮಗೆ ವಿಚಿತ್ರವಾಗಿ ಕಂಡರೆ ಕ್ಷಮಿಸಿ. ಅದಕ್ಕಿಂತ ದೊಡ್ಡ ಕ್ಷಮೆಯೊಂದನ್ನು ಕೇಳುವುದಿದೆ, ಅದಕ್ಕೇ ಈ ಕಾಗದ.

ನಾನು ದನಿ ತೊಳೆಯುವವಳು. ನಿಮ್ಮ ಕಾಲದವರು ಬಿಟ್ಟುಹೋದ ಧ್ವನಿಮುದ್ರಣಗಳನ್ನು ಮೊಮ್ಮಕ್ಕಳು, ಮರಿಮಕ್ಕಳು ನಮ್ಮಲ್ಲಿಗೆ ತರುತ್ತಾರೆ. ಒಮ್ಮೆ ಪೂರ್ತಿ ಕೇಳಿ, ಎಲ್ಲೆಲ್ಲಿ ಕೊಳೆಯಿದೆಯೋ ಪಟ್ಟಿ ಮಾಡಿ, ಒಂದೊಂದನ್ನೇ ತೆಗೆದು, ಉಳಿದ ಶುದ್ಧ ದನಿಯನ್ನು ಉಪ್ಪುಬಿಲ್ಲೆಗೆ ಇಳಿಸುತ್ತೇವೆ. ಉಪ್ಪುಬಿಲ್ಲೆ ಎಂದರೆ ಅಂಗೈಯಗಲದ ಬಿಳಿ ಗಾಜು, ಸಾವಿರ ವರ್ಷ ಕೆಡುವುದಿಲ್ಲವಂತೆ. ಹಳೆಯದನ್ನು ಅಂದೇ ಕರಗಿಸಬೇಕು. ಬಟ್ಟೆ ಒಗೆದ ಮೇಲೆ ಕೊಳೆನೀರನ್ನು ಯಾರಾದರೂ ತುಂಬಿಟ್ಟುಕೊಳ್ಳುತ್ತಾರೆಯೇ ಎಂಬುದು ನಮ್ಮ ದನಿಮನೆಯ ಮಾತು. ಇನ್ನೊಂದು ಸಂಗತಿಯನ್ನೂ ನೀವು ತಿಳಿಯಬೇಕು. ನಮ್ಮ ಯಂತ್ರಗಳು ಸದ್ದು ಮಾಡುವುದಿಲ್ಲ. ಮಗ್ಗ, ಬಸ್ಸು, ಫ್ಯಾನು, ನೀರೆತ್ತುವ ಪಂಪು, ಯಾವುದರದೂ ಸದ್ದಿಲ್ಲ. ಯಂತ್ರ ಗುಂಯ್ ಎಂದಿತೆಂದರೆ ಅದು ಕೆಟ್ಟಿದೆ ಎಂದೇ ಅರ್ಥ, ಓಣಿಯವರೆಲ್ಲ ಬಾಗಿಲಿಗೆ ಬಂದು ನಿಲ್ಲುತ್ತಾರೆ. ಅಂಥ ಓಣಿಯಲ್ಲಿ ಬೆಳೆದ ಕಿವಿ ನನ್ನದು. ಅದರ ಬಗ್ಗೆ ನನಗೆ ಜಂಬವೂ ಇತ್ತು.

ಹೋದ ವರ್ಷ ನಿಮ್ಮ ಮರಿಮಗಳು ಪಾರವ್ವ ಬಂದರು. ಎಂಬತ್ತೆರಡು ವರ್ಷ, ಕೈಯಲ್ಲಿ ಕೋಲು, ಸೊಂಟದ ಸಂಚಿಯಲ್ಲಿ ನಿಮ್ಮ ಪೆನ್‌ಡ್ರೈವ್. ಐದು ವರ್ಷದವರಿದ್ದಾಗ ನಿಮ್ಮ ತೊಡೆಯ ಮೇಲೆ ಕೂತು ಅದನ್ನು ಒಂದೇ ಸಲ ಕೇಳಿದ್ದರಂತೆ. ಆಮೇಲೆ ಅದನ್ನು ಕೇಳಿಸುವ ಸಲಕರಣೆಯೇ ಊರಲ್ಲಿ ಉಳಿಯಲಿಲ್ಲ. ಕಣ್ಣು ಮುಚ್ಚುವುದರೊಳಗೆ ಮುತ್ತಜ್ಜಿಯ ಸಂಗೀತವನ್ನು ಇನ್ನೊಮ್ಮೆ ಕೇಳಬೇಕು, ಅಷ್ಟೇ ಅವರ ಆಸೆ.

ನಲವತ್ತೊಂದು ನಿಮಿಷ ಕೇಳಿದೆ. ಮಗ್ಗದ ಕಟಕಟ. ನೀರು ಬರುವ ಮುಂಚೆ ನಳ ಗಾಳಿ ಉಗುಳುವುದು. ಮೊಬೈಲಿಗೆ ಕರೆ ಬರುವ ಮೊದಲು ಸ್ಪೀಕರು ಗೊರಗುಟ್ಟುವುದು. ಗೀರುಬಿದ್ದ ಸಿ.ಡಿ.ಯೊಂದು ಒಂದೇ ಚೂರನ್ನು ತಡವರಿಸಿ ತಡವರಿಸಿ ಒಪ್ಪಿಸುವುದು, ನಡುವೆ ಉದ್ದುದ್ದ ಮೌನ. ಪಾಪ, ಈ ತಾಯಿಯ ಸಲಕರಣೆಯೆಲ್ಲ ಹಾಳಾಗಿತ್ತು ಎಂದು ಮರುಗಿದೆ. ಇದರಡಿಯಲ್ಲಿ ಎಲ್ಲೋ ಒಂದು ತಂಬೂರಿ, ಒಂದು ಕಂಠ ಇದ್ದೇ ಇರುತ್ತದೆಂದು ಎರಡು ತಿಂಗಳು ಕೂತು ತೊಳೆದೆ. ಏನೂ ಸಿಗದಾಗ ಇನ್ನಷ್ಟು ತೊಳೆದೆ. ಕೊನೆಗೆ ಉಳಿದದ್ದು ನಲವತ್ತೊಂದು ನಿಮಿಷದ ನಿಶ್ಶಬ್ದ. ಅದನ್ನೇ ಬಿಲ್ಲೆಗೆ ಇಳಿಸಿ, ಪದ್ಧತಿಯಂತೆ ಪೆನ್‌ಡ್ರೈವನ್ನು ಕರಗಿಸಿದೆ. ನನ್ನ ಜಾಣತನಕ್ಕೆ ಬೆಂಕಿ ಬೀಳಲಿ.

ಪಾರವ್ವರನ್ನು ಕರೆಸಿ ಬಿಲ್ಲೆ ಹಚ್ಚಿದೆ. ಅವರು ಕಣ್ಣು ಮುಚ್ಚಿ ಕೂತರು. ಬಹಳ ಹೊತ್ತಾದ ಮೇಲೆ, ಇನ್ನೂ ಹಚ್ಚಿಲ್ಲವೇ ಎಂದು ಕೇಳಿದರು. ಕೊಳೆಯ ಕೆಳಗೆ ಏನೂ ಇರಲಿಲ್ಲ, ಕೊಳೆಯನ್ನಂತೂ ಒಂದು ಚೂರೂ ಬಿಡದೆ ತೆಗೆದಿದ್ದೇನೆ ಎಂದು ನಾನು ಹೇಳಿದೆ. ಹೆಮ್ಮೆಯಿಂದಲೇ ಹೇಳಿದೆ. ಅವರು ನನ್ನ ಮುಖ ನೋಡಿದರು.

“ನಡುವ ಒಮ್ಮೆ ಕೆಮ್ಮತಾಳವ್ವಾ ಆಕಿ. ಅದನ್ನೂ ತಗದಿಯೇನು?”

ಕೊಳೆಪಟ್ಟಿ ತೆರೆದು ನೋಡಿದೆ. ಹತ್ತೊಂಬತ್ತನೆಯ ನಿಮಿಷ, ಎಂಟನೆಯ ಸೆಕೆಂಡು: ಕೆಮ್ಮು, ಒಂದು, ತೆಗೆದಿದೆ. ನನ್ನದೇ ಅಕ್ಷರ. ನಿಮ್ಮ ದನಿ ಎಂದು ಈ ಲೋಕದಲ್ಲಿ ಉಳಿದದ್ದು ಅದೊಂದೇ ಆಗಿತ್ತು. ಮಗ್ಗಗಳು ಒಂದೊಂದಾಗಿ ನಿಲ್ಲುತ್ತಿದ್ದ ಕಾಲದಲ್ಲಿ ನೀವು ಓಣಿ ಓಣಿ ತಿರುಗಿ ಆ ಸದ್ದುಗಳನ್ನು ಕೂಡಿಸಿದಿರಿ ಎಂದೂ, ಸಿ.ಡಿ.ಗೆ ಸೂಜಿಯಿಂದ ನೀವೇ ಗೀರು ಹಾಕಿದಿರಿ ಎಂದೂ ಪಾರವ್ವ ಆಗ ಹೇಳಿದರು. ನಾನು ತೆಗೆದ ಒಂದೊಂದು ಕೊಳೆಯನ್ನೂ ನೀವು ಆರಿಸಿ ಇಟ್ಟಿದ್ದಿರಿ. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು. ಅವರು ಬೈಯಲಿಲ್ಲ. ಕಪಾಳಕ್ಕೆ ಎರಡು ಬಿಗಿದಿದ್ದರೆ ನನಗೆ ಹಗುರಾಗುತ್ತಿತ್ತು.

ನನ್ನ ಕೈಯಲ್ಲಿ ಉಳಿದದ್ದು ಆ ಪಟ್ಟಿ ಮಾತ್ರ. ಯಾವ ಗಳಿಗೆಯಲ್ಲಿ ಯಾವ ಸದ್ದು ಎಂಬುದೆಲ್ಲ ಅದರಲ್ಲಿದೆ. ಮರುವಾರ ಅವರ ಮನೆಗೆ ಹೋಗಿ, ಸ್ಟೀಲ್ ತಟ್ಟೆಯೊಂದನ್ನು ಬೋರಲು ಹಾಕಿ, ಪಟ್ಟಿಯಂತೆ ಉಗುರಿನಿಂದ ಬಾರಿಸತೊಡಗಿದೆ. ಪಾರವ್ವ ಮೊದಲು ಮುಖ ತಿರುಗಿಸಿಕೊಂಡರು. ಆಮೇಲೆ ಅವರ ಹೆಬ್ಬೆರಳು ಸೀರೆಯಂಚಿನ ಮೇಲೆ ಮೆಲ್ಲಗೆ ಆಡತೊಡಗಿತು. ಹತ್ತೊಂಬತ್ತನೆಯ ನಿಮಿಷಕ್ಕೆ ಬಂದಾಗ ನನ್ನ ಕೈ ತಾನಾಗಿ ನಿಂತಿತು. ಕೆಮ್ಮನ್ನು ಬಾರಿಸುವುದು ಹೇಗೆ? ಪಾರವ್ವ ಕೋಲಿನ ಮೇಲೆ ಗಲ್ಲವಿಟ್ಟು ಕಾದರು.

“ಇಲ್ಲೇ,” ಎಂದರು.

ಅದಾದ ಹದಿನಾರು ದಿನಕ್ಕೆ ತೀರಿಕೊಂಡರು. ಖಾಲಿ ಬಿಲ್ಲೆಯನ್ನು ಅವರ ಸಂಚಿಯಲ್ಲಿಟ್ಟೇ ಮಣ್ಣು ಮಾಡಿದರೆಂದು ಕೇಳಿದೆ. ನಾನು ಹೋಗಲಿಲ್ಲ, ಹೋಗುವ ಮುಖವಿರಲಿಲ್ಲ. ತೊಳೆಯುವ ಕೆಲಸವನ್ನು ಈಗ ಬಿಟ್ಟಿದ್ದೇನೆ.

ಈ ಕಾಗದ ಹಿಂದಕ್ಕೆ ಹರಿದು ನಿಮ್ಮನ್ನು ಮುಟ್ಟುತ್ತದೆಯೋ ಇಲ್ಲವೋ ಅರಿಯೆ. ಮುಟ್ಟಿದರೆ ಒಂದೇ ಬೇಡಿಕೆ. ನಾನು ಮೂರ್ಖಳು, ಆದರೆ ಓದಲು ಬರುತ್ತದೆ, ಬರೆದದ್ದನ್ನು ಮೀರುವವಳಲ್ಲ. ಪೆನ್‌ಡ್ರೈವ್ ಇಡಲು ಒಂದು ಡಬ್ಬಿ ಮಾಡಿ, ಅದರ ಮುಚ್ಚಳದ ಮೇಲೆ, ಅಳಿಸದ ಮಸಿಯಲ್ಲಿ, ನಿಮ್ಮ ಕೈಯಾರೆ ಒಂದು ಸಾಲು ಬರೆದಿಡಿ ತಾಯಿ: ಇದರಲ್ಲಿ ಕೆಟ್ಟದ್ದೇನೂ ಇಲ್ಲ, ಕೆಮ್ಮಿದವಳು ನಾನೇ.