ಎಂಟನೇ ಮೆಟ್ಟಿಲು

ಮನೆ, ಕೆಳಗಿನ ಕೆಲಸದ ಕೋಣೆ
ಭಾನುವಾರ, ಹನ್ನೊಂದನೇ ತಾರೀಖು

ಪ್ರೀತಿಯ ಮಗಳೇ,

ಸೊಸೆ ಎಂದು ಬರೆಯಲು ಹೋದೆ, ಕೈ ಬರಲಿಲ್ಲ. ಹೇಗಿದ್ದೀಯಮ್ಮಾ? ಹೊತ್ತಿಗೆ ಸರಿಯಾಗಿ ಊಟ ಮಾಡುತ್ತಿದ್ದೀಯಾ? ತಲೆನೋವು ಕಡಿಮೆಯಾಯಿತೇ? ನಾನು ಫೋನ್ ಮಾಡಿದಾಗಲೆಲ್ಲ ನಿಮ್ಮಕ್ಕ "ಮಲಗಿದ್ದಾಳೆ" ಅನ್ನುತ್ತಾಳೆ. ನಾಲ್ಕು ತಿಂಗಳಿಂದ ನೀನು ಮಲಗಿಯೇ ಇದ್ದೀಯ. ನಿನ್ನ ಮಗಳ ಜೊತೆ ಮಾತ್ರ ಎರಡು ಮಾತಾಡಿ ಫೋನ್ ಇಟ್ಟುಬಿಡುತ್ತೀಯಂತೆ. ನಾನೇನು ದಡ್ಡನಲ್ಲ, ಅರ್ಥವಾಗುತ್ತದೆ. ಅದಕ್ಕೇ ಈ ಕಾಗದ. ಮರಕ್ಕೆ ಗುರುತು ಹಾಕುವ ಪೆನ್ಸಿಲಿನಲ್ಲಿ ಬರೆಯುತ್ತಿದ್ದೇನೆ, ಅಕ್ಷರ ದಪ್ಪವಾದರೆ ಸಹಿಸಿಕೋ.

ನಿನ್ನ ಮಗಳು, ನಮ್ಮ ಚಿಲಕ, ಚೆನ್ನಾಗಿದ್ದಾಳೆ. ಹಿಡಿದದ್ದನ್ನು ಬಿಡದವಳು ಎಂದು ನಾನಿಟ್ಟ ಹೆಸರು ಈಗ ಶಾಲೆಯಲ್ಲೂ ನಡೆಯುತ್ತಿದೆ, ನನ್ನನ್ನು ಬೈಯಬೇಡ. ಸಂಜೆ ಇಲ್ಲೇ ಮರದ ಹೊಟ್ಟಿನ ಮೇಲೆ ಕೂತು ಅಕ್ಷರ ಕಲಿಯುತ್ತಾಳೆ. ಅವಳು ಕಣ್ಣು ಮುಚ್ಚಬೇಕು, ನಾನು ಒಂದು ಸಾಮಾನಿನಿಂದ ಸದ್ದು ಮಾಡಬೇಕು, ಆ ಸದ್ದಿನ ಅಕ್ಷರವನ್ನು ಅವಳು ಹೊಟ್ಟಿನಲ್ಲಿ ಬೆರಳಾಡಿಸಿ ಬರೆಯಬೇಕು. ಸುತ್ತಿಗೆ ಟಕ್ ಎಂದರೆ ಟ, ಗರಗಸ ಸರ್ ಎಂದರೆ ಸ. ಮೊನ್ನೆ ನಾನು ಅಕ್ಷೀ ಎಂದು ಸೀನಿದೆ, ಅದಕ್ಕೂ ದೊಡ್ಡದೊಂದು 'ಅ' ಬರೆದು ಪಕ್ಕದಲ್ಲಿ ನನ್ನ ಮೂಗನ್ನೂ ಬಿಡಿಸಿದಳು. ಕತ್ತೆ ಮುಂಡೇದು! ಅಂದು ಇಬ್ಬರೂ ಬಿದ್ದು ಬಿದ್ದು ನಕ್ಕೆವು. ನಕ್ಕಿದ್ದಕ್ಕೆ ಆಮೇಲೆ ನನಗೇ ಸಂಕಟವಾಯಿತು.

ಮಗ್ಗಿಯದೇ ಪೇಚಾಟ. ಹೋದ ವಾರ ಟೀಚರಮ್ಮ ಕರೆಸಿ, "ಎಲ್ಲಾ ಮಗ್ಗೀನೂ ಬರುತ್ತೆ ತಾತ, ಆದ್ರೆ ಪ್ರತಿ ಮಗ್ಗೀಲೂ ಎಂಟನೇದು ಮಾತ್ರ ಹೇಳಲ್ಲ" ಅಂದರು. ಎರಡೇಳ್ಲೆ ಹದಿನಾಲ್ಕು ಆದಮೇಲೆ ಸುಮ್ಮನೆ ನಿಂತು, ಎರಡೊಂಬತ್ಲೆ ಹದಿನೆಂಟು ಅನ್ನುತ್ತಾಳಂತೆ. ಹೊಡೆದರೂ ಬಾಯಿ ಬಿಡುವವಳಲ್ಲ, ಅವರು ಹೊಡೆಯುವವರೂ ಅಲ್ಲ. ಮಗು ದುಃಖಕ್ಕೆ ಮಂಕಾಗಿದೆಯೇನೋ ಎಂದು ಅವರ ಅನುಮಾನ. ಮನೆಗೆ ಬಂದು, ಮೆಟ್ಟಿಲ ಮೇಲೆ ಹೇಳು ನೋಡೋಣ ಅಂದೆ. ಅಲ್ಲೇ ತಾನೇ ನೀವು ಕಲಿಸುತ್ತಿದ್ದದ್ದು? ಹತ್ತು ಮೆಟ್ಟಿಲಿಗೆ ಒಂದು ಮಗ್ಗಿ. ನಿಮ್ಮ ಮೂವರ ಗಲಾಟೆ ದಿನವೂ ಕೇಳುತ್ತಿತ್ತು, ಆದರೆ ಗರಗಸದ ಸದ್ದಿನ ನಡುವೆ ನನಗೆ ಸರಿಯಾಗಿ ಕೇಳಿದ್ದು ನಗು ಮಾತ್ರ.

ಎಂಟನೇ ಮೆಟ್ಟಿಲಿನ ಹಲಗೆ ಮುರಿದು ಮೂರು ವರ್ಷವಾಗಿತ್ತಲ್ಲ. "ಊರಿಗೆಲ್ಲ ಬಾಗಿಲು ಕೂರಿಸ್ತೀಯ, ನಮ್ಮನೆ ಮೆಟ್ಟಿಲಿಗೆ ಒಂದು ಹಲಗೆ ಸಿಗಲ್ವಾ ಅಪ್ಪಾ?" ಎಂದು ನಿನ್ನ ಗಂಡ ಎಷ್ಟು ಸಲ ಕೆಣಕಿದ್ದಾನೋ. ನಾಳೆ ನಾಳೆ ಎನ್ನುತ್ತಲೇ ಇದ್ದೆ. ಅವನು ತೀರಿಹೋದ ಮೇಲೆ ನಾನು ಮಾಡಿದ ಮೊದಲ ಕೆಲಸವೇ ಅದು. ಒಳ್ಳೆಯ ತೇಗದ ಹಲಗೆ ಹಾಕಿದೆ, ಅಂಚು ಉಜ್ಜಿ ನುಣುಪು ಮಾಡಿದೆ, ಅಳುತ್ತಲೇ ಮಾಡಿದೆ. ಟೀಚರಮ್ಮ ಕರೆಸಿದ ದಿನ ಚಿಲಕ ಏಳು ಮೆಟ್ಟಿಲು ಏಳರ ಮಗ್ಗಿ ಹೇಳುತ್ತಾ ಹತ್ತಿದಳು. ಏಳೇಳ್ಲೆ ನಲವತ್ತೊಂಬತ್ತು ಎಂದು ನಿಂತು, ಎರಡೂ ಕೈ ಅಗಲಿಸಿ ಕಾದಳು. ಯಾರೂ ಹಿಡಿಯಲಿಲ್ಲ. ಕೈ ಇಳಿಸಿ, ನನ್ನ ಹಲಗೆಯನ್ನು ತುಳಿಯದೆ ದಾಟಿ, ಏಳೊಂಬತ್ಲೆ ಅರವತ್ಮೂರು ಅಂದಳು. ಐವತ್ತಾರು ಯಾಕೆ ಬಿಟ್ಟೆ ಕಂದಾ ಎಂದು ಕೇಳಿದೆ. "ಅದು ನಾನ್ ಹೇಳೋದಲ್ಲ ತಾತ. ನನ್ನ ಎತ್ತಿ ದಾಟಿಸ್ತಾ ಅಪ್ಪ ಅಮ್ಮ ಹೇಳೋದು" ಅಂದಳು. ನಾನೇ ಜೋರಾಗಿ ಐವತ್ತಾರು ಅಂದೆ. "ನೀನೊಬ್ಬನೇ ಹೇಳಿದ್ರೆ ಆಗಲ್ಲ" ಅಂದುಬಿಟ್ಟಳು. ನಾನು ಅಲ್ಲೇ ಮೆಟ್ಟಿಲ ಮೇಲೆ ಕೂತುಬಿಟ್ಟೆ ಮಗಳೇ.

ಇನ್ನೊಂದು ಮಾತು. ಅವನು ವರ್ಕ್‌ಶಾಪಿನಲ್ಲಿ ಕುಸಿದುಬಿದ್ದ ದಿನ, ಆಸ್ಪತ್ರೆಯ ವರಾಂಡದಲ್ಲಿ ಅಷ್ಟು ಜನರ ಎದುರು ನಾನು ನಿನ್ನನ್ನು, "ಪಕ್ಕದಲ್ಲೇ ಮಲಗೋಳಿಗೆ ಎದೆನೋವು ಗೊತ್ತಾಗಲಿಲ್ವಾ?" ಎಂದು ಕೇಳಿದೆ. ಹದಿನೈದು ದಿನಕ್ಕೆಂದು ಅಕ್ಕನ ಮನೆಗೆ ಹೋದವಳು ಯಾಕೆ ಬಂದಿಲ್ಲ ಎಂದು ನೆಂಟರು ಕೇಳುತ್ತಾರೆ, ಕಾರಣ ನನಗೆ ಗೊತ್ತು. ಆ ಬೆಳಿಗ್ಗೆ ಅವನು ಕೆಲಸಕ್ಕೆ ಹೊರಡುವಾಗ ಈ ಕೋಣೆಯಲ್ಲಿ ನಿಂತು ಎದೆ ಉಜ್ಜಿಕೊಂಡಿದ್ದನ್ನು ನೋಡಿದವನು ನಾನು. ಗ್ಯಾಸ್ ಇರಬೇಕು ಹೋಗೋ ಅಂದವನೂ ನಾನೇ. ಅದನ್ನು ನಿನ್ನ ತಲೆಗೆ ಕಟ್ಟಿದೆ. ತಪ್ಪಾಯಿತಮ್ಮಾ. ದೊಡ್ಡವನು ಎಂದು ಕ್ಷಮಿಸಬೇಡ, ಆದರೆ ನನ್ನ ಮೇಲಿನ ಸಿಟ್ಟಿಗೆ ಮಗುವನ್ನು ಕಾಯಿಸಬೇಡ.

ನಿಮ್ಮಕ್ಕನಿಗೂ ಮಕ್ಕಳಿಗೂ ನನ್ನ ನೆನಪು ಹೇಳು. ದೇವರು ನಿನಗೆ ಒಂದಿಷ್ಟು ನಿದ್ದೆ ಕೊಡಲಿ, ನಿಜವಾದ ನಿದ್ದೆ.

ಇಂತಿ,
ನಿನ್ನ ಮಾವ

ಮರೆತಿದ್ದೆ: ಇವತ್ತು ಬೆಳಿಗ್ಗೆ ಆ ಹಲಗೆಯನ್ನು ಕಿತ್ತು ಹಾಕಿದೆ. ಮೆಟ್ಟಿಲು ಮೊದಲಿನ ಹಾಗೇ ಇದೆ. ಚಿಲಕ ಬಂದು ಬಹಳ ಹೊತ್ತು ನೋಡಿದಳು. ಆಮೇಲೆ ಏಳನೇ ಮೆಟ್ಟಿಲಲ್ಲಿ ನಿಂತು ಎಡಗೈ ನನಗೆ ಕೊಟ್ಟಳು. ಅದು ಅಪ್ಪನ ಕಡೆಯಂತೆ, ನಾನು ಹಿಡಿಯಬಹುದಂತೆ. ಬಲಗೈ ಕೇಳಿದೆ, ಬೆನ್ನ ಹಿಂದೆ ಬಚ್ಚಿಟ್ಟುಕೊಂಡಳು. ಅದನ್ನು ಯಾರಿಗೂ ಕೊಡುವುದಿಲ್ಲವಂತೆ. ಬಂದುಬಿಡು ಮಗಳೇ.