ಪೆನ್ಸಿಲ್ ದಪ್ಪದ ನೀರು

ಡಿಸೆಂಬರ್ 3, ಮಂಗಳವಾರ

ಬೆಳಿಗ್ಗೆ ಚರ್ಚಿನ ಅಡುಗೆಮನೆ. ಅದೇ ಹಳೆಯ ಕಥೆ — ಸಿಂಕಿನ ಪೈಪಿನಲ್ಲಿ ಆಲೂಗಡ್ಡೆ ಸಿಪ್ಪೆ. ಕ್ರಿಸ್‌ಮಸ್ ಹತ್ತಿರ ಬಂತೆಂದರೆ ಊರಿನ ಹೆಂಗಸರೆಲ್ಲ ಅಲ್ಲಿ ಸೇರಿ ಆಲೂ ರೊಟ್ಟಿ ಬೇಯಿಸುತ್ತಾರೆ, ಸಿಪ್ಪೆಯನ್ನೆಲ್ಲ ಸಿಂಕಿಗೆ ತಳ್ಳುತ್ತಾರೆ, ನೀರು ಇಳಿಯದೆ ನಿಂತಾಗ ನಮಗೆ ಫೋನು. ಆರ್ವೊ ಪೈಪಿನೊಳಗೆ ಕಟ್ಟು ಬಿಡಿಸುವ ಕೇಬಲ್ ಬಿಟ್ಟ. ನಾನು ಬಕೆಟ್ ಹಿಡಿದೆ. ಮದುವೆಯಾದಾಗಿನಿಂದ ಇದೇ ಸಂಸಾರ — ಗಂಡ, ಹೆಂಡತಿ, ಒಂದು ವ್ಯಾನು, ಊರಿನವರ ಕೊಳಕು.

ಚಳಿ ಈ ಸಲ ಬೇಗ ಬಂದಿದೆ. ಮೈನಸ್ ಹದಿನೆಂಟು. ರೇಡಿಯೋದಲ್ಲಿ ಶುರುವಾಯಿತು — ರಾತ್ರಿ ನಲ್ಲಿಯನ್ನು ಪೆನ್ಸಿಲ್ ದಪ್ಪಕ್ಕೆ ಬಿಟ್ಟಿರಿ, ಆಗ ಪೈಪಿನಲ್ಲಿ ನೀರು ಹೆಪ್ಪುಗಟ್ಟುವುದಿಲ್ಲ. ಆರ್ವೊ ರೇಡಿಯೋಗೇ ಬೈದ. ಬರುವ ನೀರಿನ ಚಿಂತೆ ಎಲ್ಲರಿಗೂ ಇದೆ, ಹೋಗುವ ನೀರಿನ ಗತಿ ಏನು ಅಂತ. ಅವನ ಮಾತು ಸರಿಯೇ. ಗಣಿ ಕಂಪನಿ ಕಟ್ಟಿಸಿದ ಸಾಲುಮನೆಗಳ ಮಣ್ಣಿನ ಪೈಪು ಬಂಡೆಯ ಮೇಲೆ ಮಲಗಿದೆ. ಆಳವಿಲ್ಲ, ನಡುವೆ ಜೋತು ಬಿದ್ದಿದೆ. ಸಣ್ಣ ಧಾರೆ ಅಲ್ಲಿ ತೆವಳುತ್ತ ಪದರಪದರವಾಗಿ ಮಂಜುಗಡ್ಡೆ ಕಟ್ಟುತ್ತದೆ. ಆಮೇಲೆ ಮನೆಯ ಹೊಲಸೆಲ್ಲ ನೆಲಮಾಳಿಗೆಗೆ ವಾಪಸು. ಅದಕ್ಕೇ ಸಾಲುಮನೆಯವರಿಗೆ ಅವನದು ಒಂದೇ ಪಾಠ: ನಲ್ಲಿ ಬಿಡಬೇಡಿ, ಬೆಳಿಗ್ಗೆ ಸಂಜೆ ಟಬ್ ತುಂಬ ಬಿಸಿನೀರು ಹಿಡಿದು ಒಮ್ಮೆಲೇ ಬಿಟ್ಟುಬಿಡಿ. ಊರಲ್ಲಿ ಅದಕ್ಕೆ ‘ಆರ್ವೊ ಸ್ನಾನ’ ಅಂತಲೇ ಹೆಸರು. ನನ್ನ ಗಂಡ ಸ್ನಾನ ಮಾಡುವುದೇ ಅಪರೂಪ, ಅದು ಬೇರೆ ಮಾತು.

ಡಿಸೆಂಬರ್ 5, ಗುರುವಾರ

ಡೊಲೊರೆಸ್ ಪ್ರೆಲೆಸ್ನಿಕ್ ಫೋನು ಮಾಡಿದ್ದಳು. ಸಾಲುಮನೆಯ ಕೊನೆಯಲ್ಲಿರುವ ಮುದುಕಿ. ಎಂಬತ್ತರ ಹತ್ತಿರ, ಈಗಲೂ ಹಿಮ ತಾನೇ ಎತ್ತುತ್ತಾಳೆ. ನೆಲಮಾಳಿಗೆಯ ಮೋರಿ ಗುಳುಗುಳು ಅನ್ನುತ್ತಿದೆಯಂತೆ. ನನಗೆ ಹಲ್ಲಿನ ಡಾಕ್ಟರ ಹತ್ತಿರ ಹೋಗುವುದಿತ್ತು, ಆರ್ವೊ ಒಬ್ಬನೇ ಹೋಗಿ ಬಂದ. ಪೈಪಿನೊಳಗೆ ಮರದ ಬೇರು ಇಳಿದಿತ್ತು, ಕತ್ತರಿಸಿದೆ ಅಂದ.

ಸಂಜೆ ವ್ಯಾನು ತೊಳೆಯುವಾಗ ನೋಡಿದರೆ ಬೇರು ಕತ್ತರಿಸುವ ಬ್ಲೇಡೇ ಇಲ್ಲ. ಅಲ್ಲೇ ಬಿಟ್ಟು ಬಂದಿದ್ದಾನೆ. ಹೀಗೆ ಎಂದೂ ಮಾಡಿದವನಲ್ಲ. ಬೈಯೋಣ ಅಂದುಕೊಂಡೆ, ದವಡೆ ಮರಗಟ್ಟಿತ್ತು.

ಡಿಸೆಂಬರ್ 12, ಗುರುವಾರ

ಬೆಳಿಗ್ಗೆಯಿಂದ ಸಂಜೆವರೆಗೆ ಡೊಲೊರೆಸ್ ಮನೆ. ಬರೆಯುವುದಕ್ಕೂ ಬೇಸರ.

ನೆಲಮಾಳಿಗೆಯಲ್ಲಿ ಪಾದ ಮುಳುಗುವಷ್ಟು ಹೊಲಸು. ಹಬ್ಬಕ್ಕೆ ಅಕ್ರೋಟಿನ ಸುರುಳಿ ಬ್ರೆಡ್ ಮಾಡಬೇಕೆಂದು ತಂದಿಟ್ಟಿದ್ದ ಹಿಟ್ಟು, ಅಕ್ರೋಟು ಎಲ್ಲ ಕಸಕ್ಕೆ. ಪೈಪಿನೊಳಗೆ ಕ್ಯಾಮೆರಾ ಬಿಟ್ಟೆವು. ಮನೆಮುಂದಿನ ಕಾಲುದಾರಿಯ ಕೆಳಗೆ, ಆಕೆ ದಿನಾ ಹಿಮ ಎತ್ತಿ ಬೋಳು ಮಾಡುವ, ಹೊದಿಕೆಯಿಲ್ಲದೆ ಚಳಿ ಆಳಕ್ಕಿಳಿಯುವ ಜಾಗದಲ್ಲೇ, ಪೈಪಿನ ತುಂಬ ಬಿಳಿ ಗಡ್ಡೆ. ಬಿಸಿನೀರಿನ ಹೋಸು ತಳ್ಳಿ ತಳ್ಳಿ ಕರಗಿಸಬೇಕಾಯಿತು. ಆರ್ವೊ ಕೆಳಗೇ ಇದ್ದ. ಕೈ ತೊಳೆಯಲು ನಾನು ಮೇಲಿನ ಅಡುಗೆಮನೆಗೆ ಹೋದೆ. ನಲ್ಲಿ ಹರಿಯುತ್ತಿತ್ತು. ಪೆನ್ಸಿಲ್ ದಪ್ಪ.

ಇದೇನು ಮಾಡಿಕೊಂಡಿರಿ, ಆರ್ವೊ ಹೇಳಿದ್ದು ಮರೆತಿರಾ ಅಂದೆ.

"ಆರ್ವೊನೇ ಹೇಳಿದ್ದು ಕಣೇ ಹುಡುಗಿ" ಅಂದಳು. "ಹೋದ ವಾರ ಬಂದಿದ್ದಾಗ, ಇಲ್ಲೇ ನಿಂತ್ಕೊಂಡು, ತಾನೇ ನಲ್ಲಿ ತಿರುಗ್ಸಿ ತೋರ್ಸಿದ. ಇಷ್ಟು ಬಿಟ್ಟಿರಿ, ಸಾಕು ಅಂತ. ನಂಗೂ ವಿಚಿತ್ರ ಅನ್ನಿಸ್ತು. ಆದ್ರೆ ಹೇಳಿದ್ದು ಆರ್ವೊ ಅಲ್ವಾ?"

ಬಾಯಿಗೆ ಬಂದಿದ್ದು ಇದು: "ಅವನು ಹಾಗೆ ಹೇಳೋನಲ್ಲ. ರೇಡಿಯೋದಲ್ಲಿ ಕೇಳಿದ್ದನ್ನ ಅವನ ತಲೆಗೆ ಕಟ್ತಿದ್ದೀರಿ ನೀವು."

ಆಕೆ ಜಗಳಕ್ಕೆ ಬರಬಹುದು ಅಂದುಕೊಂಡಿದ್ದೆ. ಬರಲಿಲ್ಲ. ನಲ್ಲಿಯನ್ನೇ ನೋಡುತ್ತ ನಿಂತಳು. ಹೌದೇನೋ, ಇರಬಹುದು ಅಂದಳು. ಆಮೇಲೆ ಕಪಾಟು ತೆರೆದು ನಮ್ಮ ಬ್ಲೇಡನ್ನು ಬಟ್ಟೆಯಲ್ಲಿ ಸುತ್ತಿ ಕೈಗೆ ಕೊಟ್ಟಳು.

ಡಿಸೆಂಬರ್ 13, ಶುಕ್ರವಾರ

ವ್ಯಾನಿನಲ್ಲಿ ಕೇಳಿದೆ. ಹೋದ ವಾರ ಡೊಲೊರೆಸ್‌ಗೆ ಏನು ಹೇಳಿ ಬಂದೆ ಅಂತ. ಹೋದ ವಾರ ಅಲ್ಲಿಗೆ ಹೋಗೇ ಇಲ್ಲವಂತೆ. ನಿನ್ನೆ ಬಿಟ್ಟರೆ ಬೇಸಿಗೆಯಲ್ಲೇ ಕೊನೆಯಂತೆ. ಹಾಗಾದರೆ ಬ್ಲೇಡು ಅಲ್ಲಿಗೆ ಹೇಗೆ ಬಂತು ಅಂದೆ. ಹೀಟರು ಜಾಸ್ತಿ ಮಾಡಿದ. ರಸ್ತೆ ನೋಡಿದ.

ಅಂದರೆ ಆಕೆ ಹೇಳಿದ್ದೇ ನಿಜ. ಊರಿಗೆಲ್ಲ ಪಾಠ ಹೇಳಿದವನೇ ನಲ್ಲಿ ತಿರುಗಿಸಿ ಬಂದಿದ್ದಾನೆ. ತಿರುಗಿಸಿದ್ದೂ ನೆನಪಿಲ್ಲ.

ಅವನಿಗೆ ಅರವತ್ತನಾಲ್ಕು.

ಡಿಸೆಂಬರ್ 17, ಮಂಗಳವಾರ

ಅಂಗಡಿಯಲ್ಲಿ ಡೊಲೊರೆಸ್. ಮತ್ತೆ ಹಿಟ್ಟು ಕೊಳ್ಳುತ್ತಿದ್ದಾಳೆ, ಸದ್ಯ ಅಂದುಕೊಂಡೆ. ತಳ್ಳುಗಾಡಿಯಲ್ಲಿ ಹಿಟ್ಟಿರಲಿಲ್ಲ. ಸೂಪಿನ ಡಬ್ಬಿಗಳು. ಈ ಸಲ ಬ್ರೆಡ್ ಮಾಡುವುದಿಲ್ಲವಂತೆ. ಓವನ್ ಹಚ್ಚಿ ಮರೆತುಬಿಟ್ಟರೆ ಅಂತ ಭಯವಂತೆ. ಆರ್ವೊ ಸಿಂಕಿನ ಹತ್ತಿರ ನಿಂತಿದ್ದು ಈಗಲೂ ಕಣ್ಣಿಗೆ ಕಟ್ಟಿದ ಹಾಗಿದೆ, ಇಲ್ಲದ್ದು ಇಷ್ಟು ಚೆನ್ನಾಗಿ ಕಾಣುತ್ತದಲ್ಲ, ತಲೆ ಕೆಡುವುದು ಅಂದರೆ ಹೀಗೇ ಇರಬೇಕು ಅಂತ ನಕ್ಕಳು.

ನಾನೂ ನಕ್ಕೆ. ಛೀ.

ಡಿಸೆಂಬರ್ 20, ಶುಕ್ರವಾರ

ಮೂರು ಕೆಲಸ. ಎಲ್ಲದಕ್ಕೂ ಅವನ ಬೆನ್ನ ಹಿಂದೆಯೇ ನಿಂತೆ. ಏನೂ ತಪ್ಪಲಿಲ್ಲ. ಕೇಬಲ್ ಕೈಯಲ್ಲಿದ್ದರೆ ಅವನು ಮೊದಲಿನವನೇ. ಪೈಪಿಗೆ ಅಡ್ಡ ಕೂತದ್ದು ಬೇರೋ, ಬಟ್ಟೆಯೋ, ಕೊಬ್ಬೋ, ನೋಡದೆ ಹೇಳುತ್ತಾನೆ. ನಾನೇ ಸುಮ್ಮನೆ ಹೆದರಿಕೊಂಡೆನೇ?

ಮಧ್ಯಾಹ್ನ ಮಿನಿಯಾಪೊಲಿಸ್‌ನಿಂದ ಡೊಲೊರೆಸ್ ಮಗಳು ರೋಸನ್ ಫೋನು. ತುಂಬ ನಯವಾಗಿ ಮಾತಾಡಿದಳು. ನೀವು ಹೊರಗಿನವರು, ಇದ್ದದ್ದು ಇದ್ದ ಹಾಗೆ ಹೇಳಿ ಅಂದಳು. ಅಮ್ಮನಿಗೆ ಮರೆವು ಬಂದಿದೆ ಅನ್ನಿಸುತ್ತದೆಯೇ? ಅಮ್ಮ ತಾನೇ ಒಪ್ಪಿಕೊಂಡಿದ್ದಾಳಂತೆ. ಹಬ್ಬ ಕಳೆದ ಮೇಲೆ ಕರೆದುಕೊಂಡು ಹೋಗುತ್ತಾರಂತೆ. ವಯಸ್ಸಾದವರನ್ನು ನೋಡಿಕೊಳ್ಳುವ ಒಂದು ಹೋಮಿನಲ್ಲಿ ಕೋಣೆ ಸಿಕ್ಕಿದೆಯಂತೆ. ಒಬ್ಬರಿಗೊಂದು ಕಿಟಕಿ.

ಹೇಳಲು ಒಂದೇ ವಾಕ್ಯ ಸಾಕಿತ್ತು. ಆರ್ವೊ ಆಚೆ ಅಂಗಳದಲ್ಲಿ ವ್ಯಾನಿನ ಗಾಜಿನ ಮಂಜು ಕೆರೆಯುತ್ತಿದ್ದ. ಟೋಪಿ ಕಿವಿಯ ಮೇಲೆ. ಏನೋ ಹಾಡಿಕೊಳ್ಳುತ್ತಿದ್ದ.

ಗೊತ್ತಿಲ್ಲ ಅಂದೆ.

ಡಿಸೆಂಬರ್ 21, ಶನಿವಾರ

ಶನಿವಾರದ ಸೌನಾ, ನಮ್ಮ ಹಬೆಸ್ನಾನ. ಕಾದ ಕಲ್ಲಿನ ಮೇಲೆ ನೀರು ಹಾಕಿದ, ಬಿಸಿ ಹಬೆ ಎದ್ದಿತು. ಅಲ್ಲಿ ಒಬ್ಬರ ಮುಖ ಒಬ್ಬರಿಗೆ ಸರಿಯಾಗಿ ಕಾಣುವುದಿಲ್ಲ. ಎಲ್ಲ ಹೇಳಿಬಿಟ್ಟೆ. ನಲ್ಲಿ, ಬ್ಲೇಡು, ನನ್ನ ಸುಳ್ಳು, ರೋಸನ್ ಫೋನು.

ಮೊದಲು ಸಿಟ್ಟು ಬಂತು. ನನ್ನನ್ನ ಹುಚ್ಚ ಮಾಡ್ತಿದ್ದೀಯ ಅಂದ. ಸೌಟನ್ನು ಬಕೆಟ್ಟಿಗೆ ಎಸೆದ. ಎದ್ದು ಹೋಗುತ್ತಾನೆ ಅಂದುಕೊಂಡೆ. ಹೋಗಲಿಲ್ಲ. ಮತ್ತೆ ಕೂತ. ಹೋದ ತಿಂಗಳು ಒಂದು ದಿನ ವ್ಯಾನಿನಲ್ಲಿ ಕೂತು ಎಲ್ಲಿಗೆ ಹೊರಟೆ ಅಂತ ಗೊತ್ತಾಗದೆ ಮನೆಗೆ ವಾಪಸು ಬಂದಿದ್ದನಂತೆ. ಆಗ ನನ್ನ ಹತ್ತಿರ, ಗ್ರಾಹಕರು ಮನೆಯಲ್ಲಿರಲಿಲ್ಲ ಅಂದಿದ್ದ. ಅವನೂ ಸುಳ್ಳ.

"ಡೊಲೊರೆಸ್ ತಲೆ ಸರಿ ಇದೆ" ಅಂದ. "ಕೆಟ್ಟಿರೋದು ನಂದು. ಅವಳನ್ನ ಯಾಕೆ ಹೋಮಿಗೆ ಕಳಿಸ್ತೀಯ, ಮಾರಾಯ್ತಿ?"

ಇದನ್ನ ಹೇಳಿದರೆ ನಮ್ಮ ಕೆಲಸ ಮುಗೀತು, ನಾಳೆ ಊರಲ್ಲಿ ಯಾರೂ ನಿನ್ನನ್ನ ಮನೆಯೊಳಗೆ ಬಿಡುವುದಿಲ್ಲ ಅಂದೆ. ಬಿಡಬಾರದು ಅಂದ. ಅತ್ತುಬಿಟ್ಟೆ. ಹಬೆಯಲ್ಲಿ ಅವನಿಗೆ ಗೊತ್ತಾಗಿರಲಿಕ್ಕಿಲ್ಲ. ಗೊತ್ತಾದರೂ ಅವನು ಹೇಳುವವನಲ್ಲ.

ಡಿಸೆಂಬರ್ 22, ಭಾನುವಾರ

ಚರ್ಚು ಮುಗಿದ ಮೇಲೆ ಡೊಲೊರೆಸ್ ಮನೆಗೆ ಇಬ್ಬರೂ ಹೋದೆವು. ಹಾಲ್‌ನಲ್ಲಿ ರಟ್ಟಿನ ಪೆಟ್ಟಿಗೆಗಳು. ತಟ್ಟೆ ಲೋಟ ಆಗಲೇ ಕಾಗದದಲ್ಲಿ ಸುತ್ತಿದ್ದಾಳೆ.

ಆರ್ವೊ ಟೋಪಿ ತೆಗೆದು ಬಾಗಿಲಲ್ಲೇ ನಿಂತ. ದಾರಿಯಲ್ಲಿ ಮಾತು ಜೋಡಿಸಿಕೊಂಡಿದ್ದ, ನನಗೆ ಕೇಳಿಸುತ್ತಿತ್ತು.

"ನಲ್ಲಿ ಬಿಡೋಕೆ ಹೇಳಿದ್ದು ನಾನೇ, ಡೊಲೊರೆಸ್. ನಂಗೆ ನೆನಪಿಲ್ಲ. ನೀವು ಹೇಳಿದ್ದೀರಿ ಅಂದ್ಮೇಲೆ ನಾನು ಹೇಳಿದ್ದೇ. ಮರೆವು ನಂದು, ನಿಮ್ದಲ್ಲ."

ನನ್ನ ಪಾಲಿನದನ್ನು ನಾನು ಹೇಳಿದೆ. ಗೊತ್ತಿದ್ದೂ ಸುಮ್ಮನಿದ್ದೆ ಅಂತ. ಆಕೆ ನನ್ನನ್ನು ನೋಡಿದ ರೀತಿಗೆ ಎರಡು ಬಾರಿಸಿದ್ದರೆ ವಾಸಿಯಿತ್ತು. ಆರ್ವೊನನ್ನು ಕೈಹಿಡಿದು ಒಳಗೆ ಕರೆದುಕೊಂಡು ಹೋಗಿ ಕುರ್ಚಿಯಲ್ಲಿ ಕೂರಿಸಿ ಕಾಫಿಗಿಟ್ಟಳು. ಲೋಟಗಳನ್ನು ಕಾಗದ ಬಿಚ್ಚಿ ತೆಗೆದಳು. ನಮ್ಮೆದುರೇ ಮಗಳಿಗೆ ಫೋನು ಮಾಡಿ ಆರ್ವೊ ಕೈಗೆ ಕೊಟ್ಟಳು. ಅವನು ಅದೇ ಮಾತನ್ನು ಮತ್ತೊಮ್ಮೆ ಹೇಳಿದ. ಕೋಣೆ ಬೇಡವೆಂದು ರೋಸನ್ ಬರೆದು ಕಳಿಸುತ್ತಾಳಂತೆ.

ಹೊರಡುವಾಗ ನನಗೆ ಬಾಗಿಲು ತೆರೆದಳು. ಜನವರಿಗೆ ಡುಲೂತಿನ ಡಾಕ್ಟರ ಹತ್ತಿರ ಅವನನ್ನು ಕರೆದುಕೊಂಡು ಹೋಗು, ತಡ ಮಾಡಬೇಡ ಅಂದಳು. ಅಷ್ಟೇ.

ಡಿಸೆಂಬರ್ 27, ಶುಕ್ರವಾರ

ಹಬ್ಬ ಆಯಿತು.

ಯಾರಾದರೂ ಕರೆಯುತ್ತಾರೋ ಇಲ್ಲವೋ ಅಂತಿದ್ದೆ. ಎರಡು ಫೋನು ಬಂತು. ಹಬ್ಬದ ಅಡುಗೆಯ ಕೊಬ್ಬು ಯಾರ ಸಿಂಕನ್ನೂ ಬಿಡುವುದಿಲ್ಲ. ಕೇಬಲ್ ಮಷೀನು ಮೊದಲ ಸಲ ನಾನೇ ಓಡಿಸಿದೆ. ಅವನು ಪಕ್ಕದಲ್ಲಿ ಸ್ಟೂಲ್ ಹಾಕಿಕೊಂಡು ಕೂತು ಬೈದ. ಹೆಂಗಸರ ಕೈಗೆ ಕೇಬಲ್ ಕೊಟ್ಟರೆ ಉಲ್ಲನ್ ಸುತ್ತಿದ ಹಾಗೆ ಸುತ್ತುತ್ತಾರೆ ಅಂದ. ಮನೆಯೊಡತಿಯೂ ನಕ್ಕಳು. ಮನೆಗೆ ಬರುವಾಗ ದಾರಿಯುದ್ದಕ್ಕೂ ಚೆನ್ನಾಗಿದ್ದ. ಬದುಕಬಹುದು ಅನ್ನಿಸಿತು.

ಊಟ ಮಾಡಿ ಇದನ್ನು ಬರೆಯುತ್ತ ಕೂತಿದ್ದೆ. ಕಿಟಕಿಯ ಹತ್ತಿರ ನಿಂತಿದ್ದವನು ಬಂದು ಎದುರಿಗೆ ಕೂತ. ಮುಖ ಬಿಳಿಚಿಕೊಂಡಿತ್ತು.

"ಡೊಲೊರೆಸ್‌ಗೆ ನಿಜ ಹೇಳ್ಬೇಕು ಸೈಮಾ" ಅಂದ. "ಇನ್ನೂ ತಡ ಮಾಡಿದ್ರೆ ಅವಳನ್ನ ಹೋಮಿಗೆ ಸೇರಿಸಿಬಿಡ್ತಾರೆ. ನಂಗೆ ಹೇಳೋಕೆ ಕಷ್ಟ ಆಗತ್ತೆ. ನೀನು ಜೊತೆಗಿರ್ತೀಯಾ?"

ಹೇಳಿ ಬಂದೆಯಲ್ಲೋ, ಹೇಳಿದೆಯಲ್ಲೋ, ಅವಳನ್ನು ಉಳಿಸಿದ್ದೇ ನೀನು — ಅನ್ನಬಹುದಿತ್ತು. ಇರ್ತೀನಿ ಅಂದೆ.

ಬೂಟು ಹಾಕಿಕೊಳ್ಳುತ್ತಿದ್ದಾನೆ. ಮಾತು ಜೋಡಿಸಿಕೊಳ್ಳುತ್ತಿದ್ದಾನೆ, ಇಲ್ಲಿಗೆ ಕೇಳಿಸುತ್ತಿದೆ. ಡೊಲೊರೆಸ್‌ಗೆ ಮೊದಲೇ ಒಂದು ಫೋನು ಮಾಡಿ ಹೇಳಬೇಕು, ಅವನ ಮಾತನ್ನು ಮೊದಲ ಸಲ ಕೇಳುವವರ ಹಾಗೆ ಕೇಳಿಸಿಕೊಳ್ಳಿ ಅಂತ.