ಹಕ್ಕಿಗಳ ಕೋಣೆಗೆ ಹೋದ ಪ್ಲಾಟಿಪಸ್

ಬಾಗಿಲ ಆಚೆಗಿರುವ ಅಕ್ಕನಿಗೆ,

ಒಂದೇ ಮನೆಯಲ್ಲಿದ್ದುಕೊಂಡು ಕಾಗದ ಬರೆಯುತ್ತಾನಲ್ಲ, ಇವನಿಗೇನು ತಲೆ ಕೆಟ್ಟಿದೆಯೇ ಎಂದುಕೊಳ್ಳಬೇಡ. ನಾನು ಹೇಳಬೇಕಾದ ಮಾತಿನಲ್ಲಿ ಒಂದು ಪದ ಬರುತ್ತದೆ. ನಿನ್ನೆದುರು ನಿಂತು ಅದನ್ನು ಆಡಲು ನನಗೆ ನಾಲಿಗೆ ಏಳುವುದಿಲ್ಲ. ಬರೆಯುವಾಗಲೂ ಕಿವಿ ಬಿಸಿಯಾಗುತ್ತಿದೆ.

ಆಸ್ಪತ್ರೆಯಲ್ಲಿ ನಿನ್ನ ಎರಡೂ ಮೊಲೆಗಳನ್ನು ತೆಗೆದರು. ಗಡ್ಡೆ ಹೋಯಿತು, ಜೀವ ಉಳಿಯಿತು ಎಂದು ಡಾಕ್ಟರು ನಕ್ಕರು, ಭಾವ ಅತ್ತರು. ನಾನು ಎರಡನ್ನೂ ಮಾಡಲಾಗದೆ ಗೋಡೆಗೆ ಒರಗಿದೆ. ಆದರೆ ನನಗೆ ನಿಜವಾಗಿ ಸಿಡಿಲು ಬಡಿದಂತಾದದ್ದು ನೀನು ಮನೆಗೆ ಬಂದ ದಿನ. ಭಾವನ ತೋಳಿನಲ್ಲಿದ್ದ ಪುಟಾಣಿ ನಿನ್ನ ಕಡೆಗೆ ಜಿಗಿಯಲು ನೋಡಿದಳು. ನೀನು ಮುಖ ತಿರುಗಿಸಿಕೊಂಡೆ. "ಅವಳನ್ನ ಆಚೆ ಕರ್ಕೊಂಡ್ಹೋಗಿ. ನನ್ ಹತ್ರ ಇನ್ನೇನಿದೆ ಅಂತ ಬರ್ತಾಳೆ? ನಾನಿನ್ನು ಯಾವ ಸೀಮೆ ಅಮ್ಮ?" ಎಂದೆ.

ಅಂದಿನಿಂದ ಊಟದ ತಟ್ಟೆಗೆ ತೆರೆಯುವ ಬಾಗಿಲು ನಿನ್ನ ಮಗಳಿಗೆ ತೆರೆಯುವುದಿಲ್ಲ. ಅವಳು ಅಂಬೆಗಾಲಿಕ್ಕುತ್ತ ಹೋಗಿ ಅಂಗೈಯಿಂದ ಬಡಿಯುತ್ತಾಳೆ. ಅದು ನಿನಗೆ ಕೇಳಿಸುತ್ತದೆ ಎಂದು ನನಗೆ ಗೊತ್ತು. ಅವಳು ಬಡಿಯುವಷ್ಟು ಹೊತ್ತೂ ಒಳಗೆ ನಿನ್ನ ಮಂಚ ಕಿರುಗುಟ್ಟುವುದಿಲ್ಲ.

ಈಗ ನನ್ನ ಕೆಲಸದ ಸುದ್ದಿ. ಮ್ಯೂಸಿಯಮ್ಮಿನ ಗೋಡೆಗಳಿಗೆ ಬಣ್ಣ ಹೊಡೆಯಲೆಂದು ಪ್ರದರ್ಶನಕ್ಕಿಟ್ಟಿದ್ದ ಸತ್ತ ಪ್ರಾಣಿಗಳನ್ನೆಲ್ಲ ಹೊರಗೆ ಸಾಗಿಸಿದ್ದೆವು. ಬಣ್ಣ ಒಣಗಿದ ಮೇಲೆ ಅವನ್ನು ಆಯಾ ಕೋಣೆಗೆ ಸೇರಿಸುವುದು ನನ್ನ ಪಾಲಿಗೆ ಬಂತು. ಬಾವಲಿಯನ್ನು ಹಕ್ಕಿಗಳ ಜೊತೆ, ತಿಮಿಂಗಿಲದ ಬುರುಡೆಯನ್ನು ಮೀನುಗಳ ಜೊತೆ ಇಡಬಾರದು, ಅವು ಮರಿಗೆ ಹಾಲೂಡಿಸುವ ಸಸ್ತನಿಗಳು ಎಂಬುದನ್ನು ಸೇರಿದ ಹೊಸದರಲ್ಲೇ ಬೈಸಿಕೊಂಡು ಕಲಿತಿದ್ದೆ. ಹಾಗಾಗಿ ಕೊಂಚ ಜಂಬವೂ ಇತ್ತು. ಆಗ ಕೈಗೆ ಬಂದದ್ದು ಪ್ಲಾಟಿಪಸ್. ಬೆಕ್ಕಿನ ಗಾತ್ರ, ಬಾತುಕೋಳಿಯ ಕೊಕ್ಕು, ಪಕ್ಕದಲ್ಲಿ ಸುಣ್ಣದಿಂದ ಮಾಡಿಟ್ಟ ಮೊಟ್ಟೆಗಳು. ಮೈತುಂಬ ಕೂದಲಿದ್ದರೇನು, ಕೊಕ್ಕಿದೆ, ಮೊಟ್ಟೆಯಿದೆ ಎಂದು ಹಕ್ಕಿಗಳ ಕೋಣೆಗೊಯ್ದು ಬಾತುಗಳ ನಡುವೆ ನಿಲ್ಲಿಸಿದೆ.

ತೊಗಲಿಗೆ ಹತ್ತಿ ತುಂಬುವ ನಮ್ಮ ಮೇಸ್ತ್ರಿ ನೋಡಿ ಹೊಟ್ಟೆ ಹಿಡಿದುಕೊಂಡು ನಕ್ಕರು. "ಲೋ ಮಹಾನುಭಾವ, ಇದನ್ಯಾಕೋ ಬಾತಿಗೆ ಕೊಟ್ಟು ಮದುವೆ ಮಾಡ್ದೆ? ಇದು ನಮ್ ಪೈಕಿ ಕಣೋ, ಹಾಲೂಡ್ಸೋದು." ನಾನು ಬಗ್ಗಿ ಅದರ ಹೊಟ್ಟೆ ನೋಡಿದೆ. "ಹಾಲೂಡ್ಸೋಕೆ ಇದಕ್ಕೆ... ಅದೇ ಇಲ್ವಲ್ಲ ಮೇಸ್ತ್ರಿ" ಎಂದು ತಡವರಿಸಿದೆ. "ಏನು, ಮೊಲೇನಾ? ಹೇಳೋಕೇನೋ ನಾಚಿಕೆ? ಇಲ್ಲವೇ ಇಲ್ಲ. ಹೊಟ್ಟೆ ಚರ್ಮದಿಂದ ಹಾಲು ಬೆವರಿನ ಹಾಗೆ ಜಿನುಗುತ್ತೆ. ಮರಿಗಳು ಅಲ್ಲೇ ಮುಖ ಒತ್ತಿ ನೆಕ್ಕಿ ಕುಡೀತವೆ" ಎಂದರು.

ಅಕ್ಕಾ, ನಾನು ಮತ್ತೆ ಬಗ್ಗಿ ನೋಡಿದೆ. ಬಾತುಗಳ ನಡುವೆ ಮೊಲೆಯೇ ಇಲ್ಲದ ತಾಯಿಯೊಬ್ಬಳು ನಿಂತಿದ್ದಳು, ನನಗೆ ಗೊತ್ತೇ ಇರಲಿಲ್ಲ! ಇಲ್ಲದ್ದನ್ನು ನೋಡಿ ನಾನು ಅದನ್ನು ತಪ್ಪು ಕೋಣೆಗೆ ಹಾಕಿದ್ದೆ. ನೀನೂ ನಿನ್ನನ್ನು ಹಾಗೇ ಹಾಕಿಕೊಂಡು ಕೂತಿದ್ದೀಯಲ್ಲ?

ನಿನಗೆ ಹಾಲು ಜಿನುಗುವುದಿಲ್ಲ, ಬಲ್ಲೆ. ಬಾಟಲಿ ಹಾಲನ್ನು ಪುಟಾಣಿ ನನ್ನ ಕೈಯಲ್ಲೇ ಗಟಗಟ ಕುಡಿಯುತ್ತಾಳೆ. ಹಸಿವಿನ ಅಳುವಲ್ಲ ಅವಳದು. ಹೊಟ್ಟೆ ತುಂಬಿದ ಮೇಲೆ ನನ್ನ ಕತ್ತಿನಲ್ಲಿ ಮುಖ ಒತ್ತಿ ಮೂಸುತ್ತಾಳೆ. ಇಂದು ಸಂಜೆ ನೆಕ್ಕಿಯೂ ನೋಡಿದಳು. ಮುಖ ಸಿಂಡರಿಸಿ, ಕೆಳಗಿಳಿದು, ನೆಟ್ಟಗೆ ನಿನ್ನ ಬಾಗಿಲಿಗೆ ಹೋದಳು. ನನ್ನ ಬೆವರು ಅವಳಿಗೆ ಬೇಡ.

ಪ್ಲಾಟಿಪಸ್ಸನ್ನು ಅದರ ಜಾಗಕ್ಕೆ ತಂದಿಟ್ಟಿದ್ದೇನೆ, ಆನೆಯ ಕಾಲ ಬಳಿ. ಈ ಕಾಗದವನ್ನು ಬಾಗಿಲ ಸಂದಿಯಲ್ಲಿ ತೂರಿಸುತ್ತೇನೆ. ಉತ್ತರ ಬರೆಯಬೇಡ. ಚಿಲಕ ತೆಗೆ, ಸಾಕು.

ನಿನ್ನ ಗಾಯ ಬೇಗ ಮಾಗಲಿ, ಮಡಿಲು ತುಂಬಿರಲಿ.

ಬಾಗಿಲ ಈಚೆ ನಿನ್ನ ಮಗಳನ್ನು ಎತ್ತಿಕೊಂಡು ನಿಂತಿರುವ
ನಿನ್ನ ತಮ್ಮ